ಬ್ಲೆಂಡರ್ ಪ್ರಯೋಗ ಮತ್ತು ವೈರಸ್ಸಿನ ಆನುವಂಶಿಕ ವಸ್ತುವಿನ ಕೋಶಪ್ರವೇಶ

ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಆಲ್‌ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ನಡೆಸಿ 1952ರಲ್ಲಿ ಪ್ರಕಟಿಸಿದ ಪ್ರಯೋಗವು, ಡಿಎನ್‌ಎಯೇ ಆನುವಂಶಿಕ ವಸ್ತುವೆಂಬುದಕ್ಕೆ ನಿರ್ಣಾಯಕ ಸಾಕ್ಷ್ಯವೆಂದು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ಆದರೆ ಆ ಲೇಖನವನ್ನು ಅದರ ಕಾಲದಲ್ಲಿಟ್ಟು ಪರಿಶೀಲಿಸಿದರೆ, ಅದು ಎದುರಿಸಿದ ಪ್ರಶ್ನೆ ಹೆಚ್ಚು ಸೀಮಿತವಾದುದು: ಬ್ಯಾಕ್ಟೀರಿಯಕ್ಕೆ ಅಂಟಿಕೊಂಡ ವೈರಸ್ಸು ಒಳಗೆ ಏನನ್ನು ಕಳುಹಿಸುತ್ತದೆ, ಹೊರಗೆ ಏನನ್ನು ಉಳಿಸುತ್ತದೆ?

ಇದಕ್ಕೆ ಸುಳಿವುಗಳು ಮೊದಲೇ ದೊರೆತಿದ್ದವು. ಥಾಮಸ್ ಆಂಡರ್ಸನ್ ತೆಗೆದ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ವೈರಸ್ಸುಗಳು ಬಾಲದ ತುದಿಯಿಂದ ಬ್ಯಾಕ್ಟೀರಿಯವನ್ನು ಹಿಡಿದಿದ್ದವು. ಸಾಂದ್ರ ಉಪ್ಪಿನ ದ್ರಾವಣದಿಂದ ಅವನ್ನು ಹಠಾತ್ತನೆ ನೀರಿಗೆ ಹಾಕಿದರೆ ಒಳಗಿನ ವಸ್ತು ಹೊರಚೆಲ್ಲಿ ಬರಿಯ ಕವಚ ಉಳಿಯುತ್ತಿತ್ತು. ಇಂತಹ ಖಾಲಿ ಕವಚಗಳೂ ಬ್ಯಾಕ್ಟೀರಿಯಕ್ಕೆ ಅಂಟಿ ಅದನ್ನು ಕೊಲ್ಲಬಲ್ಲವೆಂದು 1951ರಲ್ಲಿ ರೋಜರ್ ಹೆರಿಯಟ್ ತೋರಿಸಿದರು; ವೈರಸ್ಸು ಚುಚ್ಚುಮದ್ದಿನ ಸೂಜಿಯಂತೆ ವರ್ತಿಸುತ್ತಿರಬಹುದೆಂದು ಅದೇ ವರ್ಷ ಹರ್ಷಿಗೆ ಪತ್ರ ಬರೆದರು.

ಪ್ರೋಟೀನಿನಲ್ಲಿ ಗಂಧಕವಿದೆ, ಡಿಎನ್‌ಎಯಲ್ಲಿಲ್ಲ. ವೈರಸ್ಸಿನ ರಂಜಕವೆಲ್ಲ ಬಹುಮಟ್ಟಿಗೆ ಡಿಎನ್‌ಎಯಲ್ಲಿದೆ. ಈ ವ್ಯತ್ಯಾಸವನ್ನು ಆಧರಿಸಿ ಟಿ2 ವೈರಸ್ಸುಗಳ ಒಂದು ತಂಡವನ್ನು ವಿಕಿರಣಶೀಲ ಗಂಧಕ-35ರಿಂದ, ಇನ್ನೊಂದನ್ನು ರಂಜಕ-32ರಿಂದ ಗುರುತಿಸಲಾಯಿತು. ಸೋಂಕು ತಗುಲಿದ ಕೆಲವು ನಿಮಿಷಗಳ ಅನಂತರ ಬ್ಯಾಕ್ಟೀರಿಯಗಳನ್ನು ಅಡುಗೆಮನೆಯ ವೇರಿಂಗ್ ಬ್ಲೆಂಡರಿನಲ್ಲಿ ಕಡೆದಾಗ ಗಂಧಕದ ಶೇ. 75ರಿಂದ 80 ಭಾಗ ಕಳಚಿ ಬಂದಿತು. ರಂಜಕದ ಹೆಚ್ಚಿನ ಪಾಲು ಕೋಶಗಳಲ್ಲೇ ಉಳಿಯಿತು. ಹೀಗೆ ಕಡೆಯಲ್ಪಟ್ಟ ಕೋಶಗಳಿಂದಲೂ ಹೊಸ ವೈರಸ್ಸುಗಳು ಹೊರಬಂದವು. ಸಂತತಿಗೆ ಮೂಲ ರಂಜಕದ ಸುಮಾರು ಶೇ. 30 ತಲುಪಿದ್ದರೆ, ಗಂಧಕ ಶೇ. 1ಕ್ಕಿಂತ ಕಡಿಮೆ.

ಶೇ. 20ರಷ್ಟು ಗಂಧಕ ಕೋಶಗಳೊಡನೆ ಉಳಿದುದನ್ನು ಗಮನಿಸಬೇಕು. ಶುದ್ಧತೆಯ ದೃಷ್ಟಿಯಿಂದ 1944ರ ಏವರಿ ತಂಡದ ಕಾರ್ಯವೇ ಮೇಲು. ಆದರೂ ಏವರಿಯವರಿಗೆ ದೊರೆಯದ ಮನ್ನಣೆ ಈ ಪ್ರಯೋಗಕ್ಕೆ ದೊರೆತದ್ದು, ಅದು ವಸ್ತುವಿನ ಜೊತೆಗೆ ಒಂದು ಕ್ರಿಯೆಯನ್ನೂ ಕಣ್ಮುಂದೆ ನಿಲ್ಲಿಸಿದ್ದರಿಂದಲೇ ಎನ್ನಬೇಕು. ಸ್ವತಃ ಹರ್ಷಿ ಎಚ್ಚರಿಕೆಯಿಂದಿದ್ದರು. ಆನುವಂಶಿಕ ವೈಶಿಷ್ಟ್ಯಕ್ಕೆ ಡಿಎನ್‌ಎಯೊಂದೇ ಆಧಾರವೆಂಬ ಬಗ್ಗೆ 1953ರಲ್ಲಿಯೂ ಸಂದೇಹ ವ್ಯಕ್ತಪಡಿಸಿದರು. 1969ರ ನೊಬೆಲ್ ಪಾರಿತೋಷಕವನ್ನು ಅವರು ಡೆಲ್‌ಬ್ರುಕ್ ಮತ್ತು ಲೂರಿಯಾರೊಡನೆ ಹಂಚಿಕೊಂಡರು. ಲೇಖನದ ಸಹಕರ್ತೃವಾದ ಚೇಸ್ ಅದರಲ್ಲಿ ಇರಲಿಲ್ಲ.

ಒಳನೂಕುವ ಬಲ ಯಾವುದೆಂಬುದು ಮಾತ್ರ ಅರ್ಧ ಶತಮಾನ ಕಾಯಬೇಕಾಯಿತು. ಲ್ಯಾಂಬ್ಡಾ ವೈರಸ್ಸಿನ ಸುಮಾರು 16 ಮೈಕ್ರೋಮೀಟರ್ ಉದ್ದದ ಡಿಎನ್‌ಎ, ಸುಮಾರು 60 ನ್ಯಾನೊಮೀಟರ್ ಅಗಲದ ತಲೆಯಲ್ಲಿ ಅಡಕವಾಗಿದೆ. 2001ರಲ್ಲಿ ಫೈ29 ಎಂಬ ವೈರಸ್ಸಿನ ಮೇಲೆ ನಡೆದ ಅಳತೆಗಳು ತಲೆಯೊಳಗಿನ ಒತ್ತಡ ಸುಮಾರು 60 ವಾಯುಭಾರದಷ್ಟಿರಬಹುದೆಂದು ಸೂಚಿಸಿದವು. 2003ರಲ್ಲಿ ಎವಿಲೆವಿಚ್ ಮತ್ತು ಸಂಗಡಿಗರು ಹೊರಗಿನ ಒತ್ತಡವನ್ನು ಏರಿಸಿ ಲ್ಯಾಂಬ್ಡಾದ ಡಿಎನ್‌ಎ ಹೊರಬರುವುದನ್ನು ತಡೆದು ತೋರಿಸಿದರು. ಸೂಜಿಯ ಹೋಲಿಕೆಗೆ ಹೀಗೆ ಭೌತಿಕ ಆಧಾರ ದೊರೆತರೂ ಅದು ಎಲ್ಲೆಡೆ ಸಲ್ಲುವುದಿಲ್ಲ. ಟಿ7ರಲ್ಲಿ ಡಿಎನ್‌ಎಯ ಒಂದು ತುದಿ ಮಾತ್ರ ಮೊದಲು ಒಳಸೇರಿ, ಉಳಿದುದನ್ನು ಆರ್‌ಎನ್‌ಎ ತಯಾರಿಸುವ ಕಿಣ್ವಗಳು ಎಳೆದುಕೊಳ್ಳುತ್ತವೆ. ಆ ಕೆಲಸವನ್ನು ಆರಂಭಿಸುವುದು ಆತಿಥೇಯ ಕೋಶದ್ದೇ ಕಿಣ್ವ. ಇನ್‌ಫ್ಲುಯೆಂಜಾ ವೈರಸ್ಸನ್ನಂತೂ ಕೋಶವು ಇಡಿಯಾಗಿ ಒಳಗೆ ತೆಗೆದುಕೊಳ್ಳುತ್ತದೆ; ಅದರ ಆರ್‌ಎನ್‌ಎ ಬಿಡುಗಡೆಯಾಗುವುದು ಒಳಗಿನ ಕೋಶಿಕೆಯಲ್ಲಿ ಆಮ್ಲತೆ ಏರಿದ ಮೇಲೆ.