ಅರಭಾವಿ ಸೀಮೆಯಲ್ಲಿ ಸಾಲ ವಸೂಲಿ: ಅಪರಾಧ ಕಾನೂನು ಮತ್ತು ಸಾಕ್ಷ್ಯದ ಚರಿತ್ರೆ

ಬೆಳಗಾವಿ ಜಿಲ್ಲೆಯ ಅರಭಾವಿ ವಿಧಾನಸಭಾ ಕ್ಷೇತ್ರ ಗೋಕಾಕ, ಮೂಡಲಗಿ ತಾಲ್ಲೂಕುಗಳ ಊರುಗಳಲ್ಲಿ ಹರಡಿಕೊಂಡಿದೆ. ಘಟಪ್ರಭಾ ಕಾಲುವೆಯ ನೀರು, ಕಬ್ಬು, ಗೋವಿನಜೋಳ ಇಲ್ಲಿನ ಬದುಕಿನ ಆಧಾರ. ಕಬ್ಬಿನ ಬಿಲ್ಲು ಬರುವುದು ಹಂಗಾಮು ಮುಗಿದ ಮೇಲೆ. ಖರ್ಚು ಮಾತ್ರ ದಿನದಿನವೂ ಇರುತ್ತದೆ. ಹಾಗಾಗಿ ಸಾಲ ಇಲ್ಲಿ ಹಳೆಯ ಸಂಗತಿ. ಅದರ ವಸೂಲಿ ಯಾವ ಹಂತದಲ್ಲಿ ಅಪರಾಧವಾಗುತ್ತದೆ, ಆ ಅಪರಾಧಕ್ಕೆ ಪುರಾವೆ ಯಾವುದು ಎಂಬ ಪ್ರಶ್ನೆಗಳಿಗೆ ಕಾನೂನು ಕೊಟ್ಟ ಉತ್ತರ ಸುಮಾರು 150 ವರ್ಷಗಳಲ್ಲಿ ಹಲವು ಸಲ ಬದಲಾಗಿದೆ.

ಮುಂಬಯಿ ಪ್ರಾಂತ್ಯದ ಕಾಲ

ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. 1862ರಲ್ಲಿ ಭಾರತೀಯ ದಂಡ ಸಂಹಿತೆ, 1872ರ ಸೆಪ್ಟೆಂಬರ್ 1ರಂದು ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. ಸಾಕ್ಷ್ಯ ಅಧಿನಿಯಮದ 92ನೇ ಕಲಮು ರೈತನಿಗೆ ದುಬಾರಿಯಾಯಿತು. ಕರಾರು ಒಮ್ಮೆ ಬರಹಕ್ಕೆ ಇಳಿದರೆ ಅದಕ್ಕೆ ವಿರುದ್ಧವಾದ ಬಾಯಿಮಾತಿನ ಒಪ್ಪಂದವನ್ನು ಕೋರ್ಟು ಕೇಳುವಂತಿಲ್ಲ ಎನ್ನುತ್ತಿತ್ತು ಆ ಕಲಮು. ಸಾವಕಾರನಿಗೆ ಇಷ್ಟೇ ಸಾಕಾಗಿತ್ತು. ಸಾಲ ಕೊಡುವಾಗ ಹೊಲವನ್ನು ಗಹಾಣವೆಂದು ಬರೆಸಿಕೊಳ್ಳದೆ ಖರೀದಿ ಪತ್ರವನ್ನೇ ಮಾಡಿಸಿಕೊಳ್ಳುವುದು, ಹಣ ತೀರಿಸಿದರೆ ಹೊಲ ಮರಳಿ ಕೊಡುತ್ತೇನೆಂದು ಬಾಯಲ್ಲಿ ಹೇಳುವುದು ರೂಢಿಯಾಗಿತ್ತು. ಗಡುವು ಮೀರಿದ ಮೇಲೆ ರೈತ ಕೋರ್ಟಿಗೆ ಹೋದರೆ ಅಲ್ಲಿ ಮಾತಾಡುತ್ತಿದ್ದುದು ಹೆಬ್ಬೆಟ್ಟು ಒತ್ತಿದ ಕಾಗದವೊಂದೇ.

1875ರಲ್ಲಿ ಪುಣೆ, ಅಹಮದ್‌ನಗರ ಭಾಗದ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನೇ ಹುಡುಕಿ ಸುಟ್ಟರು. ಅನ್ಯಾಯದ ಬೇರು ಎಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ದಂಗೆಯ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಅಧಿನಿಯಮ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ ಮೀಸಲಾಗಿದ್ದ ಅದು ಮುಂದೆ ಪ್ರಾಂತ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಸಾಲದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಸಾಲ ಹುಟ್ಟಿದ ದಿನದಿಂದ ಲೆಕ್ಕ ಬಿಡಿಸಿ ನೋಡುವ ಹೊಣೆ ಕೋರ್ಟಿನ ಮೇಲೆ ಬಿತ್ತು. ಆಮೇಲೆ ಸೇರಿದ 10ಎ ಕಲಮು, ಸಾಕ್ಷ್ಯ ಅಧಿನಿಯಮದ 92ನೇ ಕಲಮು ಏನೇ ಹೇಳಿದರೂ ವ್ಯವಹಾರದ ನಿಜರೂಪವನ್ನು ಕೋರ್ಟು ವಿಚಾರಿಸಬಹುದು ಎಂದಿತು. ಖರೀದಿ ಎಂದು ಬರೆದದ್ದು ನಿಜಕ್ಕೂ ಗಹಾಣವಾಗಿತ್ತೆಂದು ರೈತ ಬಾಯಿಸಾಕ್ಷಿಯಿಂದ ತೋರಿಸಬಹುದಾಯಿತು. ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

1946ರ ಮುಂಬಯಿ ಲೇವಾದೇವಿದಾರರ ಅಧಿನಿಯಮ ಕಿರುಕುಳವನ್ನೇ ಅಪರಾಧವೆಂದು ಹೆಸರಿಸಿತು. ಸಾಲಗಾರನ ಮೇಲೆ ಕೈಮಾಡುವುದು, ಬೆದರಿಸುವುದು, ಹೋದಲ್ಲೆಲ್ಲ ಬೆನ್ನುಹತ್ತುವುದು, ಮನೆಯ ಮುಂದೆ ಸುಳಿದಾಡುವುದು ಶಿಕ್ಷಾರ್ಹವಾದವು.

1956ರ ನಂತರ

ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಲೇವಾದೇವಿದಾರರ ಅಧಿನಿಯಮ, 1976ರ ಋಣ ಪರಿಹಾರ ಅಧಿನಿಯಮ, 2004ರ ವಿಪರೀತ ಬಡ್ಡಿ ನಿಷೇಧ ಅಧಿನಿಯಮ, 2018ರ ಋಣ ಪರಿಹಾರ ಅಧಿನಿಯಮಗಳು ಒಂದರ ಹಿಂದೊಂದು ಬಂದವು. ಸಾಕ್ಷ್ಯದ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದದ್ದು ಕೇಂದ್ರದ 1976ರ ಜೀತ ಪದ್ಧತಿ ರದ್ದತಿ ಅಧಿನಿಯಮ. ತನ್ನ ಮೇಲಿನ ಸಾಲ ಜೀತದ ಸಾಲವೆಂದು ಜೀತಗಾರ ಹೇಳಿದರೆ, ಅದು ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಅದರ 15ನೇ ಕಲಮು ಸಾಲ ಕೊಟ್ಟವನ ಮೇಲೆ ಹಾಕಿತು.

2024–25ರ ಬದಲಾವಣೆಗಳು

ಈ ಹೊತ್ತಿಗೆ ಸಾವಕಾರನ ಕಟ್ಟೆಯ ಜಾಗಕ್ಕೆ ಮಹಿಳೆಯರ ಗುಂಪುಗಳಿಗೆ ಸಾಲ ಕೊಡುವ ಮೈಕ್ರೋಫೈನಾನ್ಸ್ ಬಂದಿತ್ತು. ಒಬ್ಬಳು ಕಂತು ಕಟ್ಟದಿದ್ದರೆ ಗುಂಪಿನ ಉಳಿದವರೇ ಅವಳ ಮನೆಗೆ ಹೋಗಬೇಕಾದ ಏರ್ಪಾಟು ಇದು. ವಸೂಲಿಯ ಒತ್ತಡ ನೆರೆಹೊರೆಯವರ ಬಾಯಿಂದಲೇ ಬರುತ್ತದೆ. ಅದಕ್ಕೆ ಕಾಗದವೂ ಇರುವುದಿಲ್ಲ, ಸಾಕ್ಷಿ ಹೇಳುವವರೂ ಸಿಗುವುದಿಲ್ಲ. 2025ರ ಜನವರಿಯಲ್ಲಿ ಮೂಡಲಗಿ ತಾಲ್ಲೂಕಿನ ನಾಗನೂರಿನಲ್ಲಿ ಬಾಣಂತಿ ಮತ್ತು ಹಸುಗೂಸಿದ್ದ ಕುಟುಂಬವನ್ನು ಹೊರಹಾಕಿ ಮನೆಗೆ ಬೀಗ ಹಾಕಿದ ಸುದ್ದಿ ರಾಜ್ಯವನ್ನು ಕಲಕಿತು. ಅರ್ಧ ಹಣ ಸಬ್ಸಿಡಿಯೆಂದು ನಂಬಿಸಿ, ಹೆಣ್ಣುಮಕ್ಕಳ ಹೆಸರಲ್ಲಿ ಸಾಲ ತೆಗೆಸಿ, ಹಣವನ್ನು ಮಧ್ಯವರ್ತಿಗಳು ನುಂಗಿದ ದೂರುಗಳೂ ಜಿಲ್ಲೆಯಲ್ಲಿ ಎದ್ದವು. ಅಲ್ಲಿಯೂ ಹಳೆಯ ತೊಡಕೇ: ಸಹಿ ಅವರದು, ಹಣ ಬೇರೆಯವರದು.

ಇಂಥ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಕಳಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಮೊದಲು ಹಿಂತಿರುಗಿಸಿ, ಬಳಿಕ ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚಿನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಬೆದರಿಕೆ, ಬೆನ್ನುಹತ್ತುವುದು, ಏಜೆಂಟರನ್ನು ಬಿಟ್ಟು ಕಾಡಿಸುವುದು, ಸರ್ಕಾರಿ ಸೌಲಭ್ಯದ ದಾಖಲೆಗಳನ್ನು ಕಿತ್ತುಕೊಳ್ಳುವುದು ಇದರಲ್ಲಿ ಅಪರಾಧ. ಶಿಕ್ಷೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಅಪರಾಧ ಜಾಮೀನುರಹಿತ. ನೋಂದಣಿಯಿಲ್ಲದವರು ದುರ್ಬಲ ವರ್ಗಕ್ಕೆ ಕೊಟ್ಟ ಸಾಲ ಬಡ್ಡಿಸಮೇತ ಮನ್ನಾ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳು ಇದರ ವ್ಯಾಪ್ತಿಯಿಂದ ಹೊರಗಿವೆ. ಇದು ಸಣ್ಣ ಕೊರತೆಯಲ್ಲ. ಅವುಗಳಿಗೆ ಅನ್ವಯಿಸುವುದು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದೆಂದು ಅವು ಹೇಳುತ್ತವೆ.

ಇದೇ ವೇಳೆಗೆ ಸಾಕ್ಷ್ಯದ ನಿಯಮಗಳೂ ಬದಲಾಗಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಹೊಸ ಸಾಕ್ಷ್ಯ ಅಧಿನಿಯಮಗಳು ಜಾರಿಯಲ್ಲಿವೆ. ಆತ್ಮಹತ್ಯೆಗೆ ಪ್ರಚೋದನೆ ಈಗ ನ್ಯಾಯ ಸಂಹಿತೆಯ 108ನೇ ಕಲಮು, ಬೆದರಿಕೆ 351. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮೊಬೈಲಿನಿಂದ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಏಜೆಂಟ್ ರಾತ್ರಿ ಫೋನ್ ಮಾಡಿ ಬೈದದ್ದರ ರೆಕಾರ್ಡಿಂಗ್ ಸಾಕ್ಷ್ಯವಾಗುತ್ತದೆ. ಅದರ ನಕಲನ್ನು ಕೋರ್ಟಿಗೆ ಹಾಜರುಪಡಿಸಲು ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಮೊದಲ ಭಾಗಕ್ಕೆ ಹಾಜರುಪಡಿಸುವವರ ಸಹಿ, ಎರಡನೆಯದಕ್ಕೆ ತಜ್ಞರ ಸಹಿ. ಜೊತೆಗೆ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಲ್ಲಿ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಗುರುತು ಸಂಖ್ಯೆಯನ್ನು, ನಮೂದಿಸಬೇಕು. ಹೀಗಾಗಿ ರೆಕಾರ್ಡಿಂಗನ್ನು ಯಾರಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಿದವರಿಗೆ ಕಷ್ಟ; ಮೂಲ ಫೋನನ್ನೇ ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು.

ತಜ್ಞರ ಸಹಿಗಾಗಿ ಹಳ್ಳಿಯ ಹೆಣ್ಣುಮಗಳು ಯಾರ ಬಳಿ ಹೋಗಬೇಕು ಎಂಬುದಕ್ಕೆ ತಾಲ್ಲೂಕು ಮಟ್ಟದಲ್ಲಿ ನೇರವಾದ ವ್ಯವಸ್ಥೆ ಬೇಕು. ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿರುವುದು ಬೆಳಗಾವಿಯಲ್ಲಿ. ಕಂತಿನ ಲೆಕ್ಕ, ಕರೆಗಳ ದಾಖಲೆ, ಏಜೆಂಟರ ಓಡಾಟದ ವಿವರ ಎಲ್ಲವೂ ಸಾಲ ಕೊಟ್ಟ ಸಂಸ್ಥೆಯ ಕಂಪ್ಯೂಟರಿನಲ್ಲಿರುತ್ತವೆ. ಅವನ್ನು ತರಿಸಲು ಸಾಲಗಾರರು ತನಿಖಾಧಿಕಾರಿ ಅಥವಾ ಕೋರ್ಟಿನ ಆದೇಶವನ್ನೇ ಕಾಯಬೇಕು.