ಕೆರೆಗೋಡು, ಕುರಿಮಂದೆ, ಕಸುವು

ಪಾಳೆಯಗಾರರು ಆಳಿದ ಮಧುಗಿರಿಯ ಏಕಶಿಲಾದುರ್ಗವನ್ನೂ, 1687ರಿಂದ ಮೊಗಲರ ಸುಬೇದಾರರ ನೆಲೆಯಾಗಿದ್ದ ಶಿರಾ ಪಟ್ಟಣವನ್ನೂ ಕುರಿತು ಬರೆದವರು ಅನೇಕರುಂಟು. ಆದರೆ ಆ ಪಾಳೆಯಗಾರರಿಗೂ ಸುಬೇದಾರರಿಗೂ ಅನ್ನವಿತ್ತ ಬೆದ್ದಲು ಭೂಮಿಯ ಕೆಮ್ಮಣ್ಣು, ಮಳೆಯನ್ನು ನಂಬುವಂತಿಲ್ಲದ ಈ ಸೀಮೆಯಲ್ಲಿ ತನ್ನ ಕಸುವನ್ನು ಹೇಗೆ ಉಳಿಸಿಕೊಂಡಿತೆಂದು ವಿಚಾರಿಸಿದವರು ವಿರಳ. ವಿಜ್ಞಾನಿಗಳು ಮಣ್ಣಿನ ಸಾವಯವ ಇಂಗಾಲವೆಂದು ಕರೆಯುವುದು ಬಹುಮಟ್ಟಿಗೆ ಈ ಕಸುವನ್ನೇ. ವಾಯುಮಂಡಲವೂ ಸಸ್ಯರಾಶಿಯೂ ಕೂಡಿ ಧರಿಸಿರುವುದಕ್ಕಿಂತ ಅಧಿಕವಾದ ಇಂಗಾಲವು ಲೋಕದ ಮಣ್ಣಿನಲ್ಲಿದೆಯಾದರೂ, ನಮ್ಮ ಕೆಂಪುಭೂಮಿಯ ಪಾಲಿಗೆ ಬಂದುದು ಅತ್ಯಲ್ಪ.

ಆ ಅಲ್ಪವನ್ನು ಹೆಚ್ಚಿಸಿಕೊಳ್ಳುವ ಉಪಾಯಗಳಲ್ಲಿ ಕೆರೆಗೋಡು ಒಂದು. ಬೇಸಗೆಯಲ್ಲಿ ನೀರು ಬತ್ತಿ ಕೆರೆಯಂಗಳ ಬಿರಿದೊಡನೆ ಗಾಡಿಗಳು ಅಲ್ಲಿಗಿಳಿಯುತ್ತಿದ್ದುವು. ಗುಡ್ಡದ ತರಗೆಲೆಯೂ ಹೊಲದ ನುಣ್ಮಣ್ಣೂ ಮಳೆಗೆ ಕೊಚ್ಚಿಬಂದು ನೆಲಸಿದ ಆ ಕರಿಯ ಗೋಡನ್ನು ಹೆಂಟೆಹೆಂಟೆಯಾಗಿ ಅಗೆದು ಬೆದ್ದಲಿಗೆ ಹೊಡೆದರೆ, ಮಳೆ ಕೈಕೊಟ್ಟಾಗ ಪೈರು ಇನ್ನೂ ಕೆಲವು ದಿನ ಬಾಡದೆ ನಿಲ್ಲುತ್ತಿತ್ತು. ಹೊಲ ಕಳೆದುಕೊಂಡದ್ದನ್ನು ಹೊಲಕ್ಕೇ ಮರಳಿಸುವ ಈ ಕ್ರಮದಲ್ಲಿ ಕೆರೆಯ ಹೂಳೂ ತೆಗೆದಂತಾಗುತ್ತಿತ್ತು.

ಕುರಿಮಂದೆ ತರುಬುವುದು ಇದಕ್ಕಿಂತಲೂ ಸೊಗಸಾದ ಏರ್ಪಾಡು. ಸುಗ್ಗಿ ಕಳೆದ ಮೇಲೆ ಕುರುಬರೂ ಕಾಡುಗೊಲ್ಲರೂ, ಹಗಲೆಲ್ಲ ಕಾವಲಿನಲ್ಲಿ ಮೇಯ್ದ ಕುರಿಗಳನ್ನು ಸಂಜೆ ಹೊಲದಲ್ಲಿ ಕೂಡಿ, ನಾಯಿಗಳನ್ನು ಕಾವಲಿಟ್ಟು, ಕಂಬಳಿ ಹೊದ್ದು ಅಲ್ಲಿಯೇ ಮಲಗುತ್ತಿದ್ದರು. ಬೆಳಗಾಗುವ ಹೊತ್ತಿಗೆ ಗೊರಸು ತುಳಿದ ನೆಲವೆಲ್ಲ ಹಿಕ್ಕೆ, ಗಂಜಲದ ಘಾಟು. ಮರುರಾತ್ರಿ ಮಂದೆ ಪಕ್ಕದ ತಾಕಿಗೆ. ಕುರಿಗಾಹಿಗೆ ಸಲ್ಲುತ್ತಿದ್ದುದು ಇಷ್ಟು ರಾತ್ರಿಗೆ ಇಷ್ಟೆಂದು ರಾಗಿ.

ಕಸುವು ಸೋರಿಹೋದ ದಾರಿಗಳೂ ಹಳೆಯವೇ. 1800ರಲ್ಲಿ ಇತ್ತ ಸಂಚರಿಸಿದ ಬ್ರಿಟಿಷ್ ಸಮೀಕ್ಷಕ ಬುಕಾನನ್, ಇಂದು ಕೊರಟಗೆರೆ ತಾಲ್ಲೂಕಿಗೆ ಸೇರಿದ ಚನ್ನರಾಯನದುರ್ಗದ ಸೀಮೆಯ ಕಬ್ಬಿಣದ ಕೆಲಸವನ್ನು ವರ್ಣಿಸಿದ್ದಾನೆ. ಆ ಕುಲುಮೆಗಳ ಇದ್ದಿಲಿಗೆ ಗುಡ್ಡದ ಮರಗಳೇ ಆಹುತಿಯಾಗಬೇಕಾಗಿತ್ತು. ಬಹುಕಾಲದ ತರುವಾಯ ಹಬ್ಬಿದ ಕಡಲೆಕಾಯಿ ಕೈಗೆ ಹಣ ತಂದಿತು, ನಿಜ. ಆದರೆ ರಾಗಿ ತನ್ನ ಕೂಳೆಯನ್ನು ನೆಲಕ್ಕೆ ಬಿಟ್ಟುಹೋದರೆ ಕಡಲೆಕಾಯಿಯನ್ನು ಬುಡಸಮೇತ ಕಿತ್ತು, ಬಳ್ಳಿಯನ್ನು ಮೇವಿಗೆ ಒಟ್ಟುವುದರಿಂದ ಹೊಲಕ್ಕೆ ಉಳಿಯುವುದು ಬಲು ಕಡಿಮೆ. ಪಾವಗಡದ ತಿರುಮಣಿಯ ಸುತ್ತಣ ಸುಮಾರು 13,000 ಎಕರೆಯಲ್ಲಿ ಈಗ ಸೌರಫಲಕಗಳು ಬಿಸಿಲಿನ ಬೆಳೆ ತೆಗೆಯುತ್ತಿವೆ. ಅಲ್ಲಿ ಮಂದೆ ಕೂರಿಸುವ ಮಾತೇ ಬರುವುದಿಲ್ಲ.

ಮಿಕ್ಕ ಹೊಲಗಳಲ್ಲಿ ಕುರಿ ತರುಬುವುದು ಇಂದಿಗೂ ಉಂಟು. ರಾಗಿಯ ಬದಲು ನಗದು ಸಲ್ಲುತ್ತದೆ.