ಗಾಂಧೀಜಿಯವರ ಒಂದು ಸೋಮವಾರ



ದೊಡ್ಡವರ ವಿಚಿತ್ರ ಅಭ್ಯಾಸಗಳನ್ನು ನಾವು ಸಾಮಾನ್ಯವಾಗಿ ನಗುವಿನ ವಿಷಯವೆಂದು ಹೇಳಿ ಮುಗಿಸುತ್ತೇವೆ. ಆದರೆ ಅಂತಹ ಅಭ್ಯಾಸವೊಂದು ಇತಿಹಾಸದ ಮಹತ್ತ್ವದ ಗಳಿಗೆಗೆ ಮುಖಾಮುಖಿಯಾದ ಸಂದರ್ಭವೂ ಉಂಟು.

ಗಾಂಧೀಜಿಯವರಿಗೆ ಇಂತಹ ರೂಢಿಗಳು ಹಲವು. ಬಲಗೈ ದಣಿದರೆ ಅವರು ಎಡಗೈಯಿಂದ ಬರೆಯುತ್ತಿದ್ದರು. 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುತ್ತ ಹಡಗಿನಲ್ಲಿಯೇ ರಚಿಸಿದ ‘ಹಿಂದ್ ಸ್ವರಾಜ್’ ಕೃತಿಯ ಹಸ್ತಪ್ರತಿ 275 ಪುಟಗಳದ್ದು. ಅದರಲ್ಲಿ ಸುಮಾರು 40 ಪುಟಗಳು ಎಡಗೈ ಬರಹ. ಬಂದ ಕಾಗದಗಳ ಲಕೋಟೆಗಳನ್ನು ಎಸೆಯದೆ ಅವುಗಳ ಹಿಂಬದಿಯಲ್ಲಿ ಬರೆಯುವುದು ಇನ್ನೊಂದು ರೂಢಿ. ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಸೋಮವಾರದ ಮೌನ. ಬರವಣಿಗೆಗೆ ಬಿಡುವು ದೊರೆಯಲೆಂದು, ದೇಹಕ್ಕೆ ವಿಶ್ರಾಂತಿಯಾಗಲೆಂದು ಆರಂಭಿಸಿದ ಈ ನಿಯಮ ಕ್ರಮೇಣ ವ್ರತವೇ ಆಯಿತು.

1947ರ ಜೂನ್ 2 ಸೋಮವಾರ. ಅಂದು ಬೆಳಿಗ್ಗೆ ದೆಹಲಿಯಲ್ಲಿ ವೈಸರಾಯ್ ಮೌಂಟ್‌ಬ್ಯಾಟನ್ ಅವರು ದೇಶವಿಭಜನೆಯ ಯೋಜನೆಯನ್ನು ಕಾಂಗ್ರೆಸ್, ಮುಸ್ಲಿಂ ಲೀಗ್ ಮತ್ತು ಸಿಖ್ಖರ ನಾಯಕರ ಮುಂದಿಟ್ಟರು. ಅನಂತರ ಗಾಂಧೀಜಿ ಬಂದರು. ವಿಭಜನೆಯನ್ನು ಬಲವಾಗಿ ವಿರೋಧಿಸುತ್ತಿದ್ದ ಅವರು ಏನು ಹೇಳುವರೋ ಎಂಬ ಆತಂಕ ವೈಸರಾಯರಿಗಿತ್ತು. ಗಾಂಧೀಜಿ ತುಟಿಯ ಮೇಲೆ ಬೆರಳಿಟ್ಟರು. ಅಂದು ಮೌನದ ದಿನ! ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಉತ್ತರ ಬರೆದುಕೊಟ್ಟರು. ಮೌಂಟ್‌ಬ್ಯಾಟನ್ ನಿಟ್ಟುಸಿರು ಬಿಟ್ಟರು.

ಆ ಬರಹದ ಒಂದು ಮಾತನ್ನು ನೀವು ಗಮನಿಸಬೇಕು. ಮೌನವ್ರತಕ್ಕೆ ಎರಡು ವಿನಾಯಿತಿಗಳನ್ನು ಮೊದಲೇ ಇಟ್ಟುಕೊಂಡಿರುವುದಾಗಿ ಅವರು ಅಲ್ಲಿ ತಿಳಿಸಿದ್ದರು: ತುರ್ತು ವಿಷಯವಾಗಿ ಉನ್ನತ ಅಧಿಕಾರಿಗಳೊಡನೆ ಮಾತನಾಡುವುದು ಮತ್ತು ರೋಗಿಗಳ ಆರೈಕೆ. ಆದರೆ ತಾವು ಮೌನ ಮುರಿಯುವುದು ವೈಸರಾಯರಿಗೆ ಬೇಕಿಲ್ಲವೆಂದು ತಮಗೆ ಗೊತ್ತು ಎಂದೂ ಬರೆದರು. ಹೇಳಬೇಕಾದ ಒಂದೆರಡು ಸಂಗತಿಗಳಿವೆ, ಇಂದಲ್ಲ ಎಂದೂ ಸೂಚಿಸಿದರು.

ಅಂದರೆ ವ್ರತ ಅವರ ಬಾಯಿಯನ್ನು ಕಟ್ಟಿರಲಿಲ್ಲ. ಮಾತನಾಡಲು ನಿಯಮದಲ್ಲಿಯೇ ಅವಕಾಶವಿತ್ತು. ಎದುರಿಗಿದ್ದವರಿಗೆ ಕೇಳುವ ಮನಸ್ಸಿರಲಿಲ್ಲ. ಆ ಹೊತ್ತಿಗೆ ಕಾಂಗ್ರೆಸ್ಸಿನ ಹಿರಿಯ ನಾಯಕರೂ ವಿಭಜನೆಗೆ ಮನಸ್ಸನ್ನು ಒಪ್ಪಿಸಿಕೊಂಡಿದ್ದರು. ಮರುದಿನ, ಜೂನ್ 3ರಂದು, ಮೌಂಟ್‌ಬ್ಯಾಟನ್, ನೆಹರೂ, ಜಿನ್ನಾ ಮತ್ತು ಬಲದೇವ್ ಸಿಂಗ್ ಆಕಾಶವಾಣಿಯಲ್ಲಿ ಮಾತನಾಡಿದರು. ವಿಭಜನೆಯ ನಿರ್ಧಾರ ಲೋಕಕ್ಕೆ ತಿಳಿಯಿತು.

ಪರೀಕ್ಷೆಗೆಂದು ಜೂನ್ 3ನ್ನು ಬಾಯಿಪಾಠ ಮಾಡಿದವರು ನೀವು. ಅದರ ಹಿಂದಿನ ದಿನವನ್ನೂ ನೆನಪಿಡಿ. ಒಬ್ಬ ವ್ಯಕ್ತಿಯ ಅಭ್ಯಾಸವನ್ನು ಕಂಡು ನಗುವ ಮುನ್ನ, ಆ ಅಭ್ಯಾಸದಲ್ಲಿ ಆತ ಯಾವುದಕ್ಕೆ ವಿನಾಯಿತಿ ಇಟ್ಟುಕೊಂಡಿದ್ದಾನೆ ಎಂಬುದನ್ನು ವಿಚಾರಿಸಿರಿ. ಮನುಷ್ಯನ ಗುಣ ಅಲ್ಲಿ ತಿಳಿಯುತ್ತದೆ.